ಗುಂಡು ಹಾಕಿದವರು

ಮೊನ್ನೆ ಶುಕ್ರವಾರ ಆಫೀಸು ಬಿಡುವಾಗ ಮೈಸೂರಿನ ಗೆಳೆಯನೊಬ್ಬ ಮೆಲ್ಲಗೆ, "ಗುಂಡು ಹಾಕೋಣ್ವಾ ಸಾರ್?" ಅಂದ. ನಾನು ಬೆಚ್ಚಿಬಿದ್ದೆ. ಹೆಂಡತಿಯ ಭಯ ಇರಬೇಕು ಅಂದುಕೊಂಡು ನಕ್ಕ. ಆ ಭಯವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ನೆನಪಾದದ್ದು ಪಾಟ್ಟಿ.

ಹದಿನೈದು ವರ್ಷದ ಹಿಂದೆ ನಾವು ಮಲೇಷ್ಯಾದ ಈ ಸೈಬರ್‌ಜಯಾಕ್ಕೆ ಬಂದಾಗ ಪಕ್ಕದ ಮನೆಯಲ್ಲಿದ್ದ ತಮಿಳು ಅಜ್ಜಿ ಅವರು. ಹುಟ್ಟಿ ಬೆಳೆದದ್ದು ಪಿನಾಂಗ್ ಬಂದರಿನಲ್ಲಿ. ನನಗೆ ತಮಿಳು ಬರುತ್ತದೆಂದು ಅವರು ನಂಬಿದ್ದರು. ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ. ಕನ್ನಡದ ಮಾತಿನ ಕೊನೆಗೊಂದು 'ಂಗ' ಅಂಟಿಸಿದರೆ ತಮಿಳಾಯಿತು ಎಂಬುದು ನನ್ನ ಸಿದ್ಧಾಂತ.

ಒಂದು ಸಂಜೆ ಗೇಟಿನ ಬಳಿ ಪಾಟ್ಟಿ ತಮ್ಮ ಅಣ್ಣನ ಕಥೆ ತೆಗೆದರು. "ಕಪ್ಪಲ್ ವಂದುಚ್ಚು, ತಂಬಿ. ಅಣ್ಣನೆ ಪಾಕ್ಕ ನಾನ್‌ದಾ ಕೂಪ್ಟೇನ್. ಗುಂಡು ಪೋಟ್ಟಾಂಗ. ಅಣ್ಣ ಪೋಯ್ಟಾರು."

ಕಪ್ಪಲ್ ಅಂದರೆ ಹಡಗು, ಅಷ್ಟು ಗೊತ್ತಿತ್ತು. ನೋಡು ಬಾ ಎಂದು ಅಣ್ಣನನ್ನು ಕರೆದದ್ದು ಇವರೇ. ಪೋಟ್ಟಾಂಗ ಅಂದರೆ ಹಾಕಿದರು. ಇನ್ನೇನು ಬೇಕು, ನೀವೇ ಹೇಳಿ. ಹಡಗು ಬಂದಿದೆ, ನಾವಿಕರು ಇಳಿದಿದ್ದಾರೆ, ಎಲ್ಲರೂ ಸೇರಿ ಗುಂಡು ಹಾಕಿದ್ದಾರೆ, ಅಣ್ಣನಿಗೆ ಚಟ ಹತ್ತಿ ಸತ್ತಿದ್ದಾನೆ. ನಮ್ಮ ದೊಡ್ಡಪ್ಪನ ಕೇಸೂ ಇದೇ. ನಾನು ಕರೆಯದಿದ್ದರೆ ಅಣ್ಣ ಬದುಕಿರುತ್ತಿದ್ದ ಎಂದು ಪಾಟ್ಟಿ ಅಳತೊಡಗಿದರು. ಅನುಭವಸ್ಥನ ಗತ್ತಿನಲ್ಲಿ ನಾನು ಹೇಳಿದೆ: "ಉಂಗ ತಪ್ಪಿಲ್ಲ ಪಾಟ್ಟಿ. ಗುಂಡು ಪೋಟ್ಟವಂಗ ತಪ್ಪು." ತಪ್ಪು ನಿಮ್ಮದಲ್ಲ, ಗುಂಡು ಹಾಕಿದವರದ್ದು.

ಪಾಟ್ಟಿ ನನ್ನ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ಮರುದಿನದಿಂದ ಅವರ ಮನೆಯ ಇಡಿಯಪ್ಪ ನಮ್ಮ ಮನೆಗೂ ಬರತೊಡಗಿತು. ಕುಡಿತದ ವಿರುದ್ಧ ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ನಾನೂ ಬೀಗಿದೆ.

ಹೋದ ತಿಂಗಳು ಪಾಟ್ಟಿ ತೀರಿಕೊಂಡರು. ಕಾರ್ಯದ ದಿನ ಅವರ ಮಗಳು ಬಂದವರಿಗೆಲ್ಲ ಆ ಕಥೆ ಬಿಡಿಸಿ ಹೇಳುತ್ತಿದ್ದರು. ಇಲ್ಲಿನ ಹಳೆಯ ತಮಿಳರಿಗೆ ವಿಮಾನವೂ ಕಪ್ಪಲ್ಲೇ. ಅವರ ಗುಂಡು ಅಂದರೆ ಬಾಂಬು. ಯುದ್ಧಕಾಲದಲ್ಲಿ ಜಪಾನಿನ ವಿಮಾನಗಳು ಬಂದಾಗ ಪಿನಾಂಗಿನ ಜನ ಬೀದಿಗಿಳಿದು ತಲೆ ಎತ್ತಿ ನೋಡುತ್ತ ನಿಂತಿದ್ದರಂತೆ. ಆರು ವರ್ಷದ ಪಾಟ್ಟಿ, ಒಳಗಿದ್ದ ಅಣ್ಣನನ್ನು ಕೂಗಿ ಹೊರಗೆ ಕರೆದಿದ್ದರಂತೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಇವತ್ತು ಬೆಳಿಗ್ಗೆ ಆ ಮಗಳು ನಮ್ಮ ಮನೆಗೆ ಬಂದರು. "ಬ್ರದರ್, ಮರೆತುಬಿಡು ಅಂತ ಎಲ್ಲರೂ ಅಮ್ಮಂಗೆ ಹೇಳಿದ್ರು. ನೀವು ಬೇರೆ ಏನೋ ಹೇಳಿದ್ರಂತೆ. ಅವತ್ತಿಂದ ಅಮ್ಮ ತನ್ನನ್ನ ತಾನು ಬೈಕೊಳ್ಳೋದು ಬಿಟ್ಟರು. ಏನು ಹೇಳಿದ್ರಿ?"

ದೊಡ್ಡಪ್ಪನ ವಿಷಯ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದೇ ಮಾತನ್ನು ಅದೇ ಹರಕು ತಮಿಳಿನಲ್ಲಿ ಹೇಳಲು ಹೊರಟೆ. ಈ ಸಲ ಅರ್ಥ ಗೊತ್ತಿತ್ತು; ಪೂರ್ತಿ ಹೇಳಲು ಆಗಲಿಲ್ಲ.