ಗೋಡೆಯ ಪ್ಲಗ್ಗು

ನಮ್ಮ ಚಿಕ್ಕಮ್ಮ ತಲೆ ಬಗ್ಗಿಸುತ್ತಿದ್ದದ್ದು ಒಂದೇ ಕಡೆ, ಕಂಪ್ಯೂಟರ್ ರ‍್ಯಾಕಿನ ಹಿಂದೆ. ನೀರು ಸರಬರಾಜು ಕಚೇರಿಯಲ್ಲಿ ಊರಿನ ಪಂಪುಗಳನ್ನು ನಡೆಸುವ ಆರು ಕಂಪ್ಯೂಟರುಗಳಿದ್ದವು. ಇಪ್ಪತ್ತೆರಡು ವರ್ಷದಿಂದ ಅವುಗಳ ವೈರು ಜೋಡಿಸುತ್ತಿದ್ದವಳು ಅವಳೇ. ಪ್ರತಿ ವೈರಿಗೂ ಚೀಟಿ ಕಟ್ಟಿ, ಎಲ್ಲಿಂದ ಎಲ್ಲಿಗೆ ಎಂದು ಬರೆದು, ಕೆಳಗೆ ಸಹಿ ಹಾಕುತ್ತಿದ್ದಳು. ಕಚೇರಿಯವರು ‘ಚೀಟಿ ಅಕ್ಕ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಏನಾದರೂ ಕೆಟ್ಟಾಗ ಅವಳ ಬಳಿ ಓಡಿ ಬರುತ್ತಿದ್ದವರೂ ಅವರೇ.

ಒಂದು ದಿನ ಕಪ್ಪು ಡಬ್ಬಿಯೊಂದು ಬಂತು. ಆರೂ ಕಂಪ್ಯೂಟರುಗಳ ಪರದೆ, ಕೀಬೋರ್ಡ್, ಮೌಸಿನ ವೈರುಗಳನ್ನು ಅದಕ್ಕೆ ಸಿಕ್ಕಿಸಿ ನೆಟ್‌ವರ್ಕ್ ಕೇಬಲ್ ಕೊಟ್ಟರೆ, ಮುಖ್ಯ ಕಚೇರಿಯ ಎಂಜಿನಿಯರ್ ತನ್ನ ಕುರ್ಚಿಯಿಂದಲೇ ಎಲ್ಲವನ್ನೂ ನಡೆಸಬಹುದಂತೆ.

“ಇದನ್ನ ಜೋಡಿಸ್ಬಿಡಿ. ಸೋಮವಾರದಿಂದ ನೀವು ಉಗ್ರಾಣದಲ್ಲಿ. ಈ ಕೋಣೇಲಿ ಇನ್ನು ಯಾರೂ ಬೇಕಾಗಿಲ್ಲ,” ಎಂದ ಆ ಎಂಜಿನಿಯರ್.

ತನ್ನ ಗುಂಡಿ ತಾನೇ ತೋಡಿಕೊಳ್ಳುವ ಕೆಲಸ. “ಒಂದು ವೈರು ಅಡ್ಡಾದಿಡ್ಡಿ ಸಿಕ್ಕಿಸ್ಬಿಡು ಚಿಕ್ಕಮ್ಮ,” ಎಂದೆ ನಾನು, ಆ ರಾತ್ರಿ ಮನೆಯಲ್ಲಿ. ಗದರಿದಳು: “ಕೋಪ ಅವನ ಮೇಲೆ ಕಣೇ, ವೈರಿನ ಮೇಲಲ್ಲ.”

ಅಚ್ಚುಕಟ್ಟಾಗಿ ಜೋಡಿಸಿದಳು. ಕಂಪ್ಯೂಟರುಗಳಿಗೆ ರ‍್ಯಾಕಿನ ಪವರ್ ಬೋರ್ಡಿನಿಂದ ಕರೆಂಟು, ಡಬ್ಬಿಗೆ ಮಾತ್ರ ಗೋಡೆಯ ಬೇರೆ ಪ್ಲಗ್ಗಿನಿಂದ. ನೋಡಲು ಬಂದ ಎಂಜಿನಿಯರ್ ಮುಖ ಸಿಂಡರಿಸಿದ.

“ಏನಮ್ಮ ಇದು, ವೈರು ಜೋತಾಡ್ತಿದೆ? ಇದನ್ನೂ ಬೋರ್ಡಿಗೇ ಹಾಕಿ.”

“ಸಾರ್, ಆ ಬೋರ್ಡನ್ನ ನೀವು ಅಲ್ಲಿಂದ ಆಫ್ ಮಾಡೋದೂ ಆನ್ ಮಾಡೋದೂ ಈ ಡಬ್ಬಿಯಿಂದಲೇ. ಬೋರ್ಡ್ ಆಫಾದ್ರೆ ಡಬ್ಬೀನೂ ಸಾಯುತ್ತೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡಂಗೆ.”

“ಹೇಳಿದಷ್ಟು ಮಾಡಿ.”

“ಬರೆದುಕೊಡಿ, ಮಾಡ್ತೀನಿ. ಇಲ್ದಿದ್ರೆ ನಾನು ಮುಟ್ಟಲ್ಲ.”

ಅವನು ಬರೆದುಕೊಡಲಿಲ್ಲ, ತಾನೇ ಬಗ್ಗಿ ಪ್ಲಗ್ ಬದಲಿಸಿದ. ಚಿಕ್ಕಮ್ಮ ಒಂದು ಚೀಟಿ ತೆಗೆದು, ‘ಬೋರ್ಡಿಗೆ ಹಾಕಿದ್ದು ನಾನಲ್ಲ, ಸಾಹೇಬರು’ ಎಂದು ಬರೆದು, ಸಹಿ ಮಾಡಿ, ಅವನೆದುರೇ ಆ ವೈರಿಗೆ ಕಟ್ಟಿದಳು.

ಉಗ್ರಾಣದಲ್ಲಿ ತುಕ್ಕು ಹಿಡಿದ ವಾಲ್ವುಗಳ ನಡುವೆ ಕೂತು ಅವಳು ಅವುಗಳಿಗೂ ಚೀಟಿ ಕಟ್ಟತೊಡಗಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಒಂದು ಕಂಪ್ಯೂಟರ್ ಕೈಕೊಟ್ಟಿತು. ಬೋರ್ಡನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡೋಣವೆಂದುಕೊಂಡ ಎಂಜಿನಿಯರ್. ಆಫ್ ಆಯಿತು. ಆನ್ ಮಾಡಲು ಡಬ್ಬಿಯೇ ಸತ್ತಿತ್ತು. ಪಂಪುಗಳೆಲ್ಲ ನಿಂತವು. ಮಾಡಿದ್ದುಣ್ಣೋ ಮಹರಾಯ! ಉಗ್ರಾಣದ ಫೋನು ಬಡಿದುಕೊಂಡಿತು.

“ಅಮ್ಮಾ, ಸ್ವಲ್ಪ ಬೇಗ ಕೋಣೆಗೆ ಹೋಗಿ...”

ಸತಾಯಿಸಬಹುದಿತ್ತು. ಆದರೆ ಊರಿನವರ ನೀರು ಅದು, ಓಡಿದಳು. ಡಬ್ಬಿಯ ಪ್ಲಗ್ಗನ್ನು ಮತ್ತೆ ಗೋಡೆಗೆ ಹಾಕಿ ಬೋರ್ಡ್ ಆನ್ ಮಾಡಿದಳು. ಆರೂ ಪರದೆಗಳು ಬೆಳಗಿದವು. ಅಷ್ಟರಲ್ಲಿ ಕೋಣೆಯ ಫೋನು.

“ಸರಿಹೋಯ್ತಮ್ಮ. ಇನ್ನು ನೀವು ಉಗ್ರಾಣಕ್ಕೆ ಹೊರಡಿ. ಹಾಂ, ಆ ಚೀಟಿ ಬಿಚ್ಚಿಬಿಡಿ.”

ಚಿಕ್ಕಮ್ಮ ತನ್ನ ಹಳೆಯ ಕುರ್ಚಿಯನ್ನು ಎಳೆದುಕೊಂಡು ಕೂತಳು.

“ಚೀಟೀನೂ ಬಿಚ್ಚಲ್ಲ, ನಾನೂ ಏಳಲ್ಲ. ನನ್ನನ್ನ ಎಬ್ಬಿಸೋದು ಅಲ್ಲಿ ಕೂತು ಆಗಲ್ಲ ಸಾರ್, ಇಲ್ಲಿಗೇ ಬರಬೇಕು.”

ಅವನು ಬರಲಿಲ್ಲ. ನಿವೃತ್ತಿಯಾಗುವವರೆಗೂ ಚಿಕ್ಕಮ್ಮ ಆ ಕುರ್ಚಿ ಬಿಡಲಿಲ್ಲ.