ನಲ್ಲಿ ಟೀಚರ್ ಕಿವಿ
ನಮ್ಮ ಶಾಲೆಯ ಮಕ್ಕಳು 'ನಲ್ಲಿ ಟೀಚರ್' ಎಂದು ಕರೆಯುವವರು ಕಲಿಸುವುದು ಗಣಿತ, ಕಾಯುವುದು ನೀರು. ಲೆಕ್ಕದ ನಡುವೆಯೇ ಮಕ್ಕಳತ್ತ ತಿರುಗಿ, "ಎಲ್ಲೋ ನಲ್ಲಿ ತೊಟ್ಟಿಕ್ತಾ ಇದೆಯಲ್ಲ, ಯಾರಪ್ಪಾ ಬಿಟ್ಟು ಬಂದೋರು? ಓಡು!" ಅನ್ನುತ್ತಾರೆ. ಯಾವುದೋ ಒಂದು ತಲೆ ತಗ್ಗುತ್ತದೆ, ಎರಡು ಕಾಲು ಓಡುತ್ತವೆ. ಬಾಟಲಿಯಲ್ಲಿ ಉಳಿದ ಗುಟುಕು ನೀರನ್ನು ಗಿಡಕ್ಕೆ ಹಾಕದೆ ಯಾರೂ ಮನೆಗೆ ಹೊರಡುವ ಹಾಗಿಲ್ಲ. ಮಕ್ಕಳಂತೂ ಮನೆಯಲ್ಲಿ ಹಲ್ಲುಜ್ಜುವಾಗಲೂ, "ಟೀಚರ್‌ಗೆ ಕೇಳಿಸುತ್ತಮ್ಮಾ" ಎಂದು ನಲ್ಲಿ ಬಿಗಿಯಾಗಿ ತಿರುಗಿಸಿಬಿಡುತ್ತಾರಂತೆ. ಹೊಸದಾಗಿ ಮೇಷ್ಟ್ರಾಗಿ ಸೇರಿದ ನಾನು ಒಮ್ಮೆ ಅವರ ಹಿಂದೆ ನಡೆಯುತ್ತಾ, ಪಕ್ಕದ ಕೋಣೆಯ ನನಗೇ ಕೇಳದ ಸದ್ದು ನಿಮಗೆ ಹೇಗೆ ಕೇಳುತ್ತೆ ಎಂದೆ. ಅವರು ತಿರುಗದೆ ನಡೆದೇ ಇದ್ದರು. ಎದುರಿಗೆ ಬಂದು ಮತ್ತೆ ಕೇಳಿದೆ. ನನ್ನ ತುಟಿಯನ್ನೇ ನೋಡಿ ನಕ್ಕರು: "ನಂಗೆ ಕಿವಿ ಕೇಳಿಸದೆ ಆರು ವರ್ಷ ಆಯ್ತು ಮೇಷ್ಟ್ರೇ, ಮಕ್ಕಳಿಗೆ ಹೇಳ್ಬೇಡಿ. ನಲ್ಲಿ ಬಿಟ್ಟು ಬಂದೋರ ಮುಖ ಸುಮ್ನಿರಲ್ಲ, ನೋಡಿ."