ಜ್ವರ ಅಂತ ಬರೆದವಳು

ಹಲೋ ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಉಳಿದಿರಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆ ಮಾತು ಜೋಡಿಸಿದ ಹೆಂಗಸು ಅವಳು. ಯಾರಾದರೂ ಬಾಗಿಲು ತಟ್ಟಿದರೂ "ಹಲೋ" ಅಂತಲೇ ಎದ್ದು ಬರುವಳು. ಉಸಿರು ಕೇಳಿಯೇ ಸುಳ್ಳು ಹಿಡಿಯುವ ಕಿವಿ. "ಇವಳಿಗೆ ಸುಳ್ಳು ಹೇಳಬೇಕಾದ್ರೆ ಚೀಟಿ ಬರೆದು ಕೊಡಬೇಕು" ಅಂತ ಗಂಡ ಗೊಣಗುವನು.

ರೋಗ ಬಂತು, ಶಾಲೆಗಳಿಗೆ ಬೀಗ ಬಿತ್ತು. ಸಹಾಯವಾಣಿಗೆ ಜನ ಸಾಲದೆ, ನಿವೃತ್ತಳಾಗಿದ್ದ ಅಕ್ಕನನ್ನೂ ಕರೆತಂದು ಕೂರಿಸಿದರು. ಎದುರಿನ ಪರದೆಯಲ್ಲಿ ನಾಲ್ಕೇ ಚೌಕ: ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಇತರೆ. ಮೊದಲ ಮೂರರಲ್ಲಿ ಒಂದನ್ನು ಒತ್ತಿದರೆ ನರ್ಸ್ ಸಮೇತ ಗಾಡಿ ಹೊರಡುತ್ತಿತ್ತು. 'ಇತರೆ' ಅನ್ನುವುದು ಹಾಳುಬಾವಿ. ಅದರಲ್ಲಿ ಬಿದ್ದ ಕರೆ ಮತ್ತೆ ಮೇಲೆ ಬಂದದ್ದೇ ಇಲ್ಲ.

ದಿನಾ ಹನ್ನೊಂದಕ್ಕೆ ಒಂದು ಮಗು ಫೋನ್ ಮಾಡುತ್ತಿತ್ತು.

"ಆಂಟಿ, ನಾಳೆ ಸ್ಕೂಲ್ ಇದ್ಯಾ?"

"ಇಲ್ಲ ಪುಟ್ಟಿ. ಓದೋಕೆ ಅಷ್ಟೊಂದು ಆಸೆನಾ?"

"ಓದೋಕಲ್ಲ."

ಅಷ್ಟೇ, ಫೋನ್ ಕಟ್.

ಆ 'ಓದೋಕಲ್ಲ' ಅಕ್ಕನ ಕಿವಿಯಲ್ಲಿ ಮುಳ್ಳಾಗಿ ಕೂತಿತು. ಮೂರು ದಿನ ಪುಸಲಾಯಿಸಿ ಒಂದೊಂದೇ ಮಾತು ಹೊರಗೆ ತೆಗೆದಳು. ಎಂಟು ವರ್ಷದ ಹುಡುಗಿ. ಅಮ್ಮ ಆಸ್ಪತ್ರೆಯಲ್ಲಿ ಆಯಾ, ರೋಗ ಹರಡೀತೆಂದು ಅವಳನ್ನು ಮನೆಗೆ ಬಿಡುತ್ತಿಲ್ಲ. ಮನೆಯಲ್ಲಿರುವುದು ಚಿಕ್ಕಪ್ಪ. ಅವನ ಕೈಯಲ್ಲಿ ಬೆಲ್ಟು. ಟೈರ್ ಅಂಗಡಿ ಪಕ್ಕದ ಹಸಿರು ಗೇಟು.

ಅಕ್ಕ ಪೊಲೀಸರಿಗೆ ಹೇಳಿದಳು. "ನಮ್ಮವರೆಲ್ಲ ರಸ್ತೆ ಕಾಯ್ತಿದ್ದಾರಮ್ಮ." ಮಕ್ಕಳ ರಕ್ಷಣೆಯ ಕಚೇರಿಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡಿತೇ ಹೊರತು ಎತ್ತಿಕೊಳ್ಳುವವರಿಲ್ಲ. ಮೇಲ್ವಿಚಾರಕನ ಮೇಜಿನ ಮುಂದೆ ಹೋಗಿ ನಿಂತಳು. ಅವನು ತಲೆಯನ್ನೂ ಎತ್ತಲಿಲ್ಲ.

"ಇತರೆಗೆ ಹಾಕಿ ಮೇಡಂ. ನಮ್ಮ ಕೆಲಸ ಜ್ವರ."

"ಮಗು ಏಟು ತಿಂತಿದೆ ಸಾರ್."

"ಮನೆ ಅಂದ್ಮೇಲೆ ಒಂದೇಟು ಬೀಳುತ್ತಪ್ಪ. ನಾವೆಲ್ಲ ತಿಂದೇ ಬೆಳೆದಿಲ್ವಾ?"

ಅಕ್ಕನ ಮೈಯೆಲ್ಲ ಉರಿದುಹೋಯಿತು. ಊರಿಗೆ ಊರನ್ನೇ ಮನೆಯೊಳಗಿರಿ ಅಂದವರು, ಯಾವ ಮನೆಯೊಳಗೆ ಯಾರ ಜೊತೆ ಅಂತ ಒಂದು ಮಾತು ಕೇಳಿದ್ದರೇ? ಮಕ್ಕಳೆಂದರೆ ಬೀರುವಿನಲ್ಲಿಟ್ಟು ಬೀಗ ಹಾಕುವ ಪಾತ್ರೆಗಳೇ?

ನಾಲ್ಕನೆಯ ದಿನ ಹನ್ನೊಂದಕ್ಕೆ ಫೋನ್ ಬರಲಿಲ್ಲ. ಹನ್ನೆರಡೂವರೆಗೆ ಬಂತು, ಪಿಸುಮಾತಿನಲ್ಲಿ.

"ಆಂಟಿ, ಬಚ್ಚಲಲ್ಲಿ ಚಿಲಕ ಹಾಕ್ಕೊಂಡಿದ್ದೀನಿ. ಬಾಗಿಲು ಒದೀತಿದ್ದಾರೆ."

ಒದೆಯುವ ಸದ್ದು ಅಕ್ಕನಿಗೂ ಕೇಳಿತು. "ಚಿಲಕ ತೆಗೀಬೇಡ ಕಂದಾ. ಫೋನ್ ಇಡಬೇಡ" ಅಂದವಳೇ, ಹಲ್ಲು ಕಚ್ಚಿ ಪರದೆಯ ಮೇಲೆ ಒತ್ತಿದಳು: ಜ್ವರ. ವಿಳಾಸ, ಹಸಿರು ಗೇಟು. ತುರ್ತು.

ಹದಿನೈದೇ ನಿಮಿಷ. ಮೈತುಂಬ ಬಿಳಿ ಕವಚ ತೊಟ್ಟ ಮೂವರು ಗಾಡಿಯಿಂದ ಇಳಿದದ್ದು ಕಂಡಿದ್ದೇ ತಡ, ರೋಗ ತನಗೇ ಅಂಟಿತೆಂದು ಚಿಕ್ಕಪ್ಪ ಹಿತ್ತಲ ಗೋಡೆ ಹಾರಿದನಂತೆ. ಮಗುವಿನ ಮುಂದೆ ಹುಲಿಯಾಗಿದ್ದವನ ಪೌರುಷ ಅಷ್ಟೇ! ನರ್ಸ್ ಮಗುವಿನ ಅಂಗಿ ಎತ್ತಿ ಬೆನ್ನು ನೋಡಿದಳು. ಆಮೇಲೆ ಏನನ್ನೂ ಕೇಳದೆ ಎತ್ತಿಕೊಂಡು ಬಂದು, ಮಗುವೇ ಹೇಳಿದಂತೆ ಅಮ್ಮನಿದ್ದ ಆಸ್ಪತ್ರೆಗೇ ಸೇರಿಸಿದಳು.

ಸಂಜೆ ಮೇಲ್ವಿಚಾರಕ ಕೆಂಡ ಕಾರಿದ. "ಸುಳ್ಳು ದಾಖಲೆ ಮಾಡಿದ್ದೀರಿ! ಥರ್ಮಾಮೀಟರ್ ನಾರ್ಮಲ್ ತೋರಿಸ್ತಿದೆಯಂತೆ!"

"ಬೆನ್ನಿಗಿಟ್ಟು ನೋಡಿದ್ರಾ?"

ಸಾಲಾಗಿ ಕೂತು ಕರೆ ತೆಗೆದುಕೊಳ್ಳುತ್ತಿದ್ದ ಹುಡುಗಿಯರು ಕತ್ತೆತ್ತಿ ನೋಡಿದರು.

"ನಿಮ್ಮನ್ನ ಕೆಲಸದಿಂದ ತೆಗೀತೀನಿ."

"ಕಾಗದ ಕಳಿಸಪ್ಪ. ಅದು ಬರೋವರೆಗೂ ಈ ಕುರ್ಚಿ ನಂದು."

ಮರುದಿನವೂ ಪರದೆಯಲ್ಲಿ ಅದೇ ನಾಲ್ಕು ಚೌಕ. ಹತ್ತೂವರೆಗೆ, ಪಕ್ಕದ ಕುರ್ಚಿಯ ಹುಡುಗಿ ಫೋನಿಗೆ ಕೈ ಅಡ್ಡ ಹಿಡಿದು ಇತ್ತ ತಿರುಗಿದಳು.

"ಅಕ್ಕಾ, ಯಾವುದೋ ಮಗು. ಮಾತಾಡ್ತಿಲ್ಲ, ಬರೀ ಬಿಕ್ಕುತ್ತಿದೆ. ಏನಂತ ಒತ್ಲಿ?"

ಮೇಲ್ವಿಚಾರಕ ಅಲ್ಲೇ ನಿಂತಿದ್ದ. ಅಕ್ಕ ಅವನ ಮುಖವನ್ನೇ ನೋಡುತ್ತ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು:

"ಜ್ವರ ಅಂತ ಒತ್ತೇ."